ಪ್ರೋಟೀನು ಸುಮ್ಮನೆ ಕೂರುವುದಿಲ್ಲ

ಪಠ್ಯಪುಸ್ತಕದ ಚಿತ್ರದಲ್ಲಿ ಪ್ರೋಟೀನು ಅಲುಗಾಡದೆ ನಿಂತಿರುತ್ತದೆ. ದೇಹದೊಳಗೆ ಅದರ ಪಾಡೇ ಬೇರೆ: ಸಂಜೆ ಹೆಬ್ಬಾಳದ ಮೇಲ್ಸೇತುವೆ ಹತ್ತಿದ ಸ್ಕೂಟರಿನಂತೆ ಎಲ್ಲ ಕಡೆಯಿಂದಲೂ ನೂಕುನುಗ್ಗಲು. ಆ ಮಿಸುಕಾಟವನ್ನು ಹಿಡಿಯುವ ವಿದ್ಯೆಯೇ ಮಾಲಿಕ್ಯುಲರ್ ಡೈನಾಮಿಕ್ಸ್.

ಕಂಪ್ಯೂಟರಿನೊಳಗೆ ಒಂದು ಕಾಲ್ಪನಿಕ ಪೆಟ್ಟಿಗೆ. ಅದರಲ್ಲಿ ಪ್ರೋಟೀನು, ಸುತ್ತ ಸಾವಿರಾರು ನೀರಿನ ಅಣುಗಳು, ಒಂದಿಷ್ಟು ಉಪ್ಪು. ಪ್ರತಿ ಪರಮಾಣುವಿನ ಮೇಲಿನ ಬಲವನ್ನು ಲೆಕ್ಕ ಹಾಕಿ, ನ್ಯೂಟನ್ನನ ನಿಯಮದಂತೆ ತುಸುವೇ ಸರಿಸಿ, ಮತ್ತೆ ಲೆಕ್ಕ. ಒಂದು ಹೆಜ್ಜೆಗೆ ಸಾಮಾನ್ಯವಾಗಿ 2 ಫೆಮ್ಟೋಸೆಕೆಂಡು. ಒಂದು ಮೈಕ್ರೋಸೆಕೆಂಡು ನೋಡಲು 50 ಕೋಟಿ ಹೆಜ್ಜೆ! 1977ರಲ್ಲಿ ಮಾರ್ಟಿನ್ ಕಾರ್ಪ್ಲಸ್ ತಂಡ ಮೊದಲ ಸಲ ಪ್ರೋಟೀನನ್ನು ಹೀಗೆ ಕುಣಿಸಿದಾಗ ಸಿಕ್ಕಿದ್ದು ಸುಮಾರು 9 ಪಿಕೋಸೆಕೆಂಡು, ಅದೂ ನೀರಿಲ್ಲದೆ.

ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಗೆ ಇದು ಪರಕೀಯವಲ್ಲ. ಜಿ.ಎನ್. ರಾಮಚಂದ್ರನ್ 1971ರಲ್ಲಿ ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಹುದೆಂದು ತೋರಿಸುವ, 1963ರ ಅವರ ನಕ್ಷೆಯಿಂದಲೇ ಇಂದಿಗೂ ರಚನೆಗಳ ಸರಿತಪ್ಪು ನೋಡುತ್ತಾರೆ. 2022ರಿಂದ ಆವರಣದಲ್ಲಿ 3.3 ಪೆಟಾಫ್ಲಾಪ್‌ನ ಸೂಪರ್‌ಕಂಪ್ಯೂಟರ್ ‘ಪರಮ್ ಪ್ರವೇಗ’ವೂ ಇದೆ.

ಔಷಧಕ್ಕೆ ಇದರಿಂದೇನು? ಎಚ್‌ಐವಿಯ ಇಂಟಿಗ್ರೇಸ್ ಕಿಣ್ವ ಮಿಸುಕಾಡುವಾಗ, ಹರಳಿನ ಚಿತ್ರದಲ್ಲಿ ಕಾಣದ, ಔಷಧದ ಅಣು ಕೂರಬಲ್ಲ ಸಂದೊಂದು ತೆರೆದುಕೊಳ್ಳುವುದನ್ನು 2004ರಲ್ಲಿ ಇಂಥದೇ ಸಿಮ್ಯುಲೇಶನ್ ತೋರಿಸಿತು. 2007ರಲ್ಲಿ ಆ ಕಿಣ್ವಕ್ಕೆ ತಡೆಯೊಡ್ಡುವ ಮೊದಲ ಮಾತ್ರೆ ರಾಲ್ಟೆಗ್ರಾವಿರ್ ಬಂತು. ಅದರ ಶ್ರೇಯವನ್ನೆಲ್ಲ ಕಂಪ್ಯೂಟರಿಗೆ ಕಟ್ಟಿದರೆ ಅತಿಯಾದೀತು. ಬಲದ ಸೂತ್ರಗಳೇ ಅಂದಾಜಿನವು, ಔಷಧದ ಅಣು ನಿಜಕ್ಕೂ ಅಂಟುತ್ತದೆಯೇ ಎಂದು ಪ್ರನಾಳದಲ್ಲೇ ನೋಡಬೇಕು. ಆದರೂ ಆ ಸಂದು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದ್ದು ಈ ಲೆಕ್ಕವೇ.