ಇಳಿಜಾರಿನ ಚೈನು

ಈ ವಾರ ಕಲ್ಟಿವೇಟರಿನ ಗುಳಗಳ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಆರಿದ್ರಾ ಮಳೆ ಹಿಡಿದದ್ದೇ ತಡ, ಫೋನು ಮಾಡಿದವರೆಲ್ಲ ಕೇಳಿದ್ದು ಒಂದೇ: ಟ್ರ್ಯಾಕ್ಟರಿಗೆ ಚೈನು ಕಟ್ಟುವುದೋ ಬೇಡವೋ? ಗುಳ ಮುಂದಿನ ವಾರಕ್ಕಿರಲಿ.

ಕಟ್ಟಿ. ಏರಿನ ಮಾತು ಆಮೇಲೆ, ಮೊದಲು ಇಳಿಜಾರಿಗಾಗಿ ಕಟ್ಟಿ. ಇದನ್ನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿನ ಬ್ರೇಕು ಹಿಡಿಯುವುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ. ಆ ಗಾಲಿಗೆ ನೆಲ ಸಿಗದಿದ್ದರೆ ಬ್ರೇಕು ಇದ್ದೂ ಇಲ್ಲದಂತೆ. ಬೆನ್ನಿಗೆ ಗೊಬ್ಬರ ತುಂಬಿದ ಟ್ರೇಲರು; ನಮ್ಮ ಕಡೆ ಬಹುಪಾಲು ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಹತ್ತುವಾಗ ಗಾಲಿ ಸ್ಲಿಪ್ ಹೊಡೆದರೆ ಹೆಚ್ಚಾಗಿ ಅರ್ಧ ದಿನದ ಕೆಲಸ ಹಾಳು. ಇಳಿಯುವಾಗ ಜಾರಿದರೆ ಟ್ರೇಲರು ಟ್ರ್ಯಾಕ್ಟರನ್ನು ನೂಕಿ, ಅಡ್ಡ ತಿರುಗಿಸಿ, ಮಗುಚಿ ಹಾಕುತ್ತದೆ. ಎಡಬಲದ ಬ್ರೇಕ್ ಪೆಡಲುಗಳಿಗೆ ಕೊಂಡಿ ಹಾಕದೆ ಇಳಿದವರ ಪಾಡಂತೂ ಹೇಳತೀರದು.

ಫೋರ್ ವೀಲ್ ಡ್ರೈವ್ ಕೊಂಡವರು ಚೈನು ಹಳೇ ಕಾಲದ್ದು ಎನ್ನುತ್ತಾರೆ. ನಾಲ್ಕೂ ಗಾಲಿ ಎಳೆಯುವುದು ನಿಜ. ಫೋರ್ ವೀಲ್ ಹಾಕಿಕೊಂಡಾಗ ಮುಂದಿನ ಗಾಲಿಗಳು ಬ್ರೇಕಿಗೂ ಹೆಗಲು ಕೊಡುವುದು ನಿಜ. ಆದರೆ ನಮ್ಮ ಜಿಗುಟು ಕೆಮ್ಮಣ್ಣು ಹಲ್ಲಿನ ಸಂದಿಯಲ್ಲಿ ಮೆತ್ತಿ ಟಯರು ರೋಲರಿನಂತೆ ನುಣ್ಣಗಾದ ಮೇಲೆ ಎರಡು ರೋಲರಾದರೇನು, ನಾಲ್ಕಾದರೇನು? ಚೈನು ಅಲುಗುತ್ತಲೇ ಇರುವುದರಿಂದ ಆ ಮಣ್ಣನ್ನು ಪ್ರತಿ ಸುತ್ತಿಗೂ ಒಡೆದು ಉದುರಿಸುತ್ತದೆ. ಮೇಲಿನ ಲೋಳೆಯನ್ನು ಸೀಳಿ ಅಡಿಯ ಜಂಬಿಟ್ಟಿಗೆಯನ್ನು ಕಚ್ಚುತ್ತದೆ. ಅಡಿಯಲ್ಲಿ ಗಟ್ಟಿ ನೆಲ ಇರಬೇಕು, ಅದು ಮಾತ್ರ ಮರೆಯಬೇಡಿ. ತಳ ಸಿಗದ ಗದ್ದೆ ಕೆಸರಿಗೆ ಚೈನು ನಂಬಿ ಇಳಿದರೆ ಆಕ್ಸಲ್ ತನಕ ಹೂತುಕೊಳ್ಳುತ್ತದೆ. ಅಲ್ಲಿಗೆ ಕೇಜ್ ವೀಲೇ ಸರಿ.

ಮಲೆನಾಡಿಗೆ ಚೈನು ಕಲಿಸಿದ್ದು ಜೀಪು. ಮಳೆಗಾಲದಲ್ಲಿ ಎಷ್ಟೋ ಒಂಟಿಮನೆಗಳಿಗೆ ಅಕ್ಕಿ ಮುಟ್ಟಿದ್ದು, ಕಾಯಿಲೆಯವರು ಆಸ್ಪತ್ರೆ ಸೇರಿದ್ದು ಚೈನು ಸುತ್ತಿದ ಜೀಪಿನಲ್ಲೇ. ಆ ಚೈನಿನ ಮಾದರಿಯನ್ನು ಹಾಗೇ ಟ್ರ್ಯಾಕ್ಟರಿಗೆ ತಂದದ್ದು ತಪ್ಪಾಯಿತು. ಜೀಪಿನ 6.00-16 ಟಯರಿಗೆ ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಸರವಿರುವ ಚೈನು ಸಾಕು. ಟ್ರ್ಯಾಕ್ಟರಿನ 13.6-28 ಟಯರಿಗೆ ಓರೆಯಾದ ಎತ್ತರದ ಹಲ್ಲುಗಳಿವೆ. ಅಡ್ಡಸರ ಎರಡು ಹಲ್ಲುಗಳ ಸಂದಿಗೆ ಜಾರಿ ಅಲ್ಲೇ ಮಲಗಿಬಿಡುತ್ತದೆ. ನೆಲ ಮುಟ್ಟುವುದು ಮತ್ತೆ ರಬ್ಬರೇ. ಅದಕ್ಕೆ ಬಲೆಯಂತೆ ಹೆಣೆದ, ಡೈಮಂಡ್ ಕಣ್ಣಿನ ಚೈನು ಬೇಕು. ಸರಗಳು ಒಂದನ್ನೊಂದು ಎಳೆದು ಹಿಡಿದು ಹಲ್ಲಿನ ನೆತ್ತಿಯ ಮೇಲೇ ನಿಲ್ಲುತ್ತವೆ, ಪಕ್ಕಕ್ಕೆ ಜಾರುವುದನ್ನೂ ತಡೆಯುತ್ತವೆ. ಏಣಿ ಚೈನೇ ಗತಿ ಎನ್ನುವವರು ನಾಲ್ಕು ಕೊಂಡಿಗೊಂದು ಅಡ್ಡಸರ ಇರುವುದನ್ನು ಬಿಟ್ಟು ಎರಡು ಕೊಂಡಿಗೊಂದು ಇರುವುದನ್ನು ಕೊಳ್ಳಿ.

ಕಟ್ಟುವಾಗ ಕೊಕ್ಕೆಗಳ ಬಾಯಿ ಹೊರಮುಖ ಇರಲಿ. ಹೋದ ವರ್ಷದ ಪುಷ್ಯ ಮಳೆಯಲ್ಲಿ ಆತುರಕ್ಕೆ ಒಳಮುಖ ಕಟ್ಟಿದೆ. ಮೂರನೇ ಟ್ರಿಪ್ಪಿಗೆ ಟಯರಿನ ಪಕ್ಕೆಯಲ್ಲಿ ಬೆರಳು ತೂರುವಷ್ಟು ಸೀಳು. ಐವತ್ತು ಹೆಜ್ಜೆ ಓಡಿಸಿ, ಇಳಿದು, ಇನ್ನೊಮ್ಮೆ ಬಿಗಿ ಮಾಡಿ. ಮಡ್‌ಗಾರ್ಡಿಗೆ, ಲೋವರ್ ಲಿಂಕಿಗೆ ತಾಗುತ್ತದೆಯೇ ಬಗ್ಗಿ ನೋಡಿ. ಡಾಂಬರು ಸಿಕ್ಕ ಕೂಡಲೇ ಬಿಚ್ಚಿ.

1904ರಲ್ಲಿ ಅಮೆರಿಕದ ಹ್ಯಾರಿ ವೀಡ್ ಚೈನಿಗೆ ಪೇಟೆಂಟ್ ಪಡೆದ. ಜನ ಗಾಲಿಗೆ ಹಗ್ಗ ಸುತ್ತಿಕೊಂಡು ಕೆಸರು, ಹಿಮ ದಾಟುವುದನ್ನು ಕಂಡು ಹೊಳೆದದ್ದಂತೆ. ಗಾಲಿಗೆ ಕಬ್ಬಿಣ ಸುತ್ತುವ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ. 1958ರ ಜನವರಿ 4ರಂದು ಅವರ ತಂಡ ದಕ್ಷಿಣ ಧ್ರುವ ಮುಟ್ಟಿದ್ದು ಮೂರು ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿ. 30 ಅಶ್ವಶಕ್ತಿಯೂ ಇಲ್ಲದ, ಹೊಲ ಉಳುವ ಗಾಡಿಗಳು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಸೇರಿಸಿ ಉಕ್ಕಿನ ಪಟ್ಟಿ ಸುತ್ತಿದ್ದರು. ಹಿಮದ ಬಿರುಕಿಗೆ ಒಂದು ಬಿದ್ದರೆ ಉಳಿದವು ಹಿಡಿದುಕೊಳ್ಳಲೆಂದು ಮೂರನ್ನೂ ಹಗ್ಗದಿಂದ ಬಿಗಿದುಕೊಂಡಿದ್ದರು.

ಆ ಹಗ್ಗದ ಸಂಗತಿ ಓದಿದಾಗ ಅಪ್ಪನ ಎತ್ತಿನ ಗಾಡಿ ಕಣ್ಣೆದುರು ಬಂತು. ಮನೆಯ ಕೆಳಗಿನ ಇಳಿಜಾರಿನಲ್ಲಿ ಹೇರು ಇಳಿಸುವಾಗ ಅಪ್ಪ ಗಾಡಿಯ ಹಿಂದಕ್ಕೆ ಹಲಸಿನ ದಿಮ್ಮಿಯೊಂದನ್ನು ಮಿಣಿಯಿಂದ ಬಿಗಿದು ಎಳೆಸುತ್ತಿದ್ದರು. ಗಾಡಿ ಎತ್ತುಗಳ ಮೈಮೇಲೆ ಹೋಗುತ್ತಿರಲಿಲ್ಲ. ದಿಮ್ಮಿ ಉತ್ತ ಗೆರೆಯಲ್ಲಿ ರಾತ್ರಿಯ ಮಳೆನೀರು ಹರಿದು ದಾರಿ ಕೊಚ್ಚುತ್ತಿತ್ತು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಆ ಗೆರೆಗೆ ಮಣ್ಣು ತುಂಬಿ ತುಳಿಯುವುದು ನನ್ನ ಕೆಲಸವಾಗಿತ್ತು.