ಶೂನ್ಯಸಂಪಾದನೆಯ ಸಂವಾದ: ಒಂದು ಪೂರ್ವಗ್ರಹಿಕೆ
12ನೆಯ ಶತಮಾನದ ಶರಣಗೋಷ್ಠಿ ಐತಿಹಾಸಿಕವೇ ಎಂಬ ವಾದ ಮುಂದೆ ಸಾಗದಿರುವುದಕ್ಕೆ ಆಕರಗಳ ಕೊರತೆಯೊಂದೇ ಕಾರಣವೆಂದು ನಮಗೆ ತೋರುವುದಿಲ್ಲ. ಶೂನ್ಯಸಂಪಾದನೆಯ ಸಂವಾದಗಳನ್ನು ಒಂದು ಪಕ್ಷದವರು ಗೋಷ್ಠಿಯ ವರದಿಯೆಂದು ಒಪ್ಪುತ್ತಾರೆ. ಇನ್ನೊಂದು ಪಕ್ಷದವರು ನಂಬಲರ್ಹ ವರದಿಯಲ್ಲವೆಂದು ಕೃತಿಯನ್ನೇ ಬದಿಗಿಡುತ್ತಾರೆ. ಅದು ವರದಿಯಾಗಿರಬೇಕೆಂಬ ತಪ್ಪು ಗ್ರಹಿಕೆ ಮಾತ್ರ ಇಬ್ಬರಲ್ಲೂ ಒಂದೇ.

ಶಿವಗಣಪ್ರಸಾದಿ ಮಹಾದೇವಯ್ಯನು 15ನೆಯ ಶತಮಾನದಲ್ಲಿ ಬಿಡಿ ವಚನಗಳನ್ನು ಆಯ್ದು ಸಂವಾದರೂಪದಲ್ಲಿ ಜೋಡಿಸಿ, ನಡುವೆ ಗದ್ಯವನ್ನು ಹೆಣೆದನು. ಅನಂತರ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಆದ್ದರಿಂದ ವಚನದ ಕಾಲ ಬೇರೆ, ಸಂವಾದದ ಕಾಲ ಬೇರೆ. ಯಾವ ವಚನ ಯಾರಿಗೆ ಉತ್ತರವೆಂಬುದು ಬಹುಮಟ್ಟಿಗೆ ಸಂಕಲನಕಾರನ ನಿರ್ಣಯ.

ಈ ಭೇದವನ್ನು ಮೊದಲು ಒಪ್ಪಿಕೊಂಡು ನಾಲ್ಕು ಪರಿಷ್ಕರಣಗಳನ್ನು ಹೋಲಿಸಿ ನೋಡಿದರೆ, ಜೋಡಣೆ ಎಲ್ಲಿ ಬದಲಾಯಿತು, ಏಕೆ ಬದಲಾಯಿತು ಎಂದು ಉಭಯಪಕ್ಷದವರೂ ಒಂದೇ ಆಧಾರದ ಮೇಲೆ ಚರ್ಚಿಸಬಹುದು. ಗೋಷ್ಠಿಯ ಐತಿಹಾಸಿಕತೆಯ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಅದರ ಮುಂದಿನ ಕೆಲಸ.