ಶೂಗೇಜ್ ಸಂಗೀತದಲ್ಲಿ ಮಾತಿನ ಸ್ಥಾನ

ಪಾಶ್ಚಾತ್ಯ ರಾಕ್ ಸಂಗೀತದ ಪ್ರಭೇದಗಳಲ್ಲಿ ಪರಿಹಾಸದಿಂದಲೇ ಹೆಸರು ಪಡೆದುದು ಶೂಗೇಜ್. 1980ರ ದಶಕದ ಕೊನೆಯಲ್ಲಿ ಬ್ರಿಟನ್ ಮತ್ತು ಐರ್ಲೆಂಡುಗಳ ತಂಡಗಳಿಂದ ಇದು ರೂಪುಗೊಂಡಿತು. ಗಿಟಾರಿನ ನಾದವನ್ನು ಮಾರ್ಪಡಿಸುವ ಪೆಡಲುಗಳು ಕಾಲ ಬಳಿ ಇದ್ದುದರಿಂದ ವಾದಕರು ವೇದಿಕೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಬ್ರಿಟಿಷ್ ಪತ್ರಿಕೆಗಳು ಅವರನ್ನು ಪಾದರಕ್ಷೆ ದಿಟ್ಟಿಸುವವರೆಂದು ಹಾಸ್ಯಮಾಡಿದವು.

ಈ ಸಂಗೀತದ ಮೇಲಿನ ಮುಖ್ಯ ಆಕ್ಷೇಪವೆಂದರೆ ಹಾಡಿನ ಮಾತು ಸ್ಪಷ್ಟವಾಗಿ ಕೇಳಿಸದೆಂಬುದು. ಇದು ನಿಜವೇ, ಆದರೆ ದೋಷವೆನ್ನುವ ಮೊದಲು ಉದ್ದೇಶವನ್ನು ವಿಚಾರಿಸಬೇಕು. ಮೈ ಬ್ಲಡಿ ವ್ಯಾಲೆಂಟೈನ್ ತಂಡದ ‘ಲವ್‌ಲೆಸ್’ (1991) ಆಲ್ಬಮ್ಮನ್ನು ನೋಡೋಣ. ಕೆವಿನ್ ಶೀಲ್ಡ್ಸ್ ಟ್ರೆಮೊಲೊ ಹಿಡಿಯನ್ನು ಅಲುಗಿಸುತ್ತಲೇ ತಂತಿಗಳನ್ನು ಮೀಟುವುದರಿಂದ ಸ್ವರವು ಒಂದೆಡೆ ನಿಲ್ಲದೆ ಓಲಾಡುತ್ತದೆ. ಬಿಲಿಂಡಾ ಬುಚರ್ ಅವರ ಮೃದುವಾದ ದನಿ ಆ ನಾದದ ಮೇಲೇಳದೆ ಅದರೊಳಗೇ ಬೆರೆಯುತ್ತದೆ. ಇಲ್ಲಿ ಕಂಠವೂ ಒಂದು ವಾದ್ಯ. ಭಾವವನ್ನು ಹೊರುವುದು ಶಬ್ದಾರ್ಥವಲ್ಲ, ನಾದ.

ಇದು ಅಸಾಮರ್ಥ್ಯದ ಮುಸುಕಲ್ಲವೆಂಬುದಕ್ಕೆ ಸ್ಲೋಡೈವ್ ತಂಡದ ‘ಸೌವ್ಲಾಕಿ’ (1993) ಸಾಕ್ಷಿ. ಅದರಲ್ಲಿನ ‘ಡ್ಯಾಗರ್’ ಎಂಬ ಗೀತೆಯಲ್ಲಿ ನಾದದ ತೆರೆ ಸರಿದು ಸರಳವಾದ ಗಿಟಾರೂ ಕಂಠವೂ ಮುಂದೆ ಬರುತ್ತವೆ, ರಚನೆ ಸೊರಗುವುದಿಲ್ಲ. ಇಂಥ ಗಟ್ಟಿ ರಾಗರಚನೆ ಒಳಗಿಲ್ಲದೆ ಪೆಡಲನ್ನೇ ನಂಬಿದ ಕೃತಿಗಳಲ್ಲಿ ಮಾತ್ರ ಆಕ್ಷೇಪವು ಸಲ್ಲುತ್ತದೆಂದು ನಮ್ಮ ಅಭಿಪ್ರಾಯ.

ಗ್ರಂಜ್ ಮತ್ತು ಬ್ರಿಟ್‌ಪಾಪ್‌ಗಳ ಅಬ್ಬರದಲ್ಲಿ ಈ ಶೈಲಿ ಹಿನ್ನೆಲೆಗೆ ಸರಿಯಿತು. 1995ರಲ್ಲಿ ಚದುರಿದ ಸ್ಲೋಡೈವ್ 2014ರಲ್ಲಿ ಮತ್ತೆ ಕೂಡಿತು. 2017ರಲ್ಲಿ ಹೊಸ ಆಲ್ಬಮ್ಮನ್ನೂ ಹೊರತಂದಿತು. ಪರಿಹಾಸಕ್ಕೆಂದು ಇಟ್ಟ ಹೆಸರು ಇಂದು ಒಂದು ಶೈಲಿಯ ಅಂಕಿತವಾಗಿ ನಿಂತಿದೆ. ವಿಮರ್ಶೆ ಕಣ್ಣಿಗೆ ಬಿದ್ದುದನ್ನು ಹೆಸರಿಸಿತು. ಕಿವಿಗೆ ಬಿದ್ದುದನ್ನು ವಿವರಿಸುವ ಕೆಲಸ ಇನ್ನೂ ಉಳಿದಿದೆ.